ಮೂರು ಗೆರೆಯ ಬಾತು

ನಾನು ಒಂದು ಕಟ್ಟಿಗೆಯ ಬಾತು. ಹಾರಿದವನಲ್ಲ, ಈಜಿದವನಲ್ಲ, ಒಂದು ದಿನವೂ ಬಾಯಿ ಬಿಟ್ಟು ಕೂಗಿದವನಲ್ಲ. ಆದರೂ ನನ್ನನ್ನು ನೋಡಿ, ನಂಬಿ, ಆಕಾಶದಿಂದ ಇಳಿದು ಬಂದವು ಬಹಳ. ಇದು ನನ್ನ ಕಥೆಯಾದರೂ ಅವುಗಳ ಕಥೆಯೂ ಹೌದು.

ನಾನು ಹುಟ್ಟಿದ್ದು ಕಿನ್ನಾಳದಲ್ಲಿ, ಚಿತ್ರಗಾರ ಕಿಷ್ಟಪ್ಪನ ಪಡಸಾಲೆಯಲ್ಲಿ. ನನ್ನದು ಹಗುರ ಜಾತಿಯ ಮರ, ಕೈಗೆತ್ತಿಕೊಂಡರೆ ಬೆಂಡಿನ ಹಾಗೆ. ಕಿಷ್ಟಪ್ಪ ನನ್ನನ್ನು ಉಳಿಯಿಂದ ಕೆತ್ತಿದ. ಮೈಮೇಲಿನ ಸೀಳುಗಳಿಗೆ ಹುಣಸೆಬೀಜದ ಅಂಟಿನಲ್ಲಿ ಕಟ್ಟಿಗೆಪುಡಿ ಕಲಸಿ ಮೆತ್ತಿದ. ಬಿಸಿಲಿಗೆ ಇಟ್ಟ, ಮೇಲೆ ಬಿಳಿ ಬಳಿದ, ಆಮೇಲೆ ಬಣ್ಣ ಕೊಟ್ಟ. ನನ್ನ ಎಡಕ್ಕೆ ಒಬ್ಬ ಗರುಡ ಒಣಗುತ್ತಿದ್ದ, ಬಲಕ್ಕೆ ಒಬ್ಬಳು ಗೌರವ್ವ. ಒಂದೇ ಮರ, ಒಂದೇ ಅಂಟು, ಒಂದೇ ಕುಂಚ. ಅವರು ದೇವರ ಜಗಲಿಗೆ ಹೊರಟವರು. ನಾನು ಎಲ್ಲಿಗೆ ಹೊರಟವನೆಂದು ಆಗ ನನಗೆ ಗೊತ್ತಿರಲಿಲ್ಲ.

ನನ್ನನ್ನು ಮಾಡಿಸಿದವರು ಅಂಕಲಹಾಳದ ದೇಸಾಯರು. ನನ್ನನ್ನೂ ನನ್ನಂಥ ಇನ್ನೈವರನ್ನೂ. ಅವರ ಊರ ಕೆರೆಗೆ ಪ್ರತಿ ಚಳಿಗಾಲ ದೂರದ ಉತ್ತರದಿಂದ, ಹಿಮದ ಬೆಟ್ಟ ದಾಟಿಕೊಂಡು ಹೆಬ್ಬಾತುಗಳು ಬರುತ್ತಿದ್ದವು. ಬೂದು ಮೈ, ಬೆಳ್ಳನೆಯ ತಲೆ, ಹಿಂದಲೆಗೆ ಎರಡು ಕರಿ ಪಟ್ಟೆ. ಕಿಷ್ಟಪ್ಪ ಅಂಥ ಹಕ್ಕಿಯನ್ನು ಕಂಡವನಲ್ಲ. ದೇಸಾಯರ ಆಳು ಬಂದು, "ತಲಿಮ್ಯಾಲೆ ಅಡ್ಡಗೆರಿ ಇರತಾವು" ಎಂದಷ್ಟೇ ಹೇಳಿ ಹೋಗಿದ್ದ. ನಂದಿಯ ಹಣೆಗೆ, ಶಿವನ ಹಣೆಗೆ ಜೀವಮಾನವೆಲ್ಲ ಮೂರು ಗೆರೆ ಎಳೆದ ಕೈ ಅದು. ನಮಗೂ ಮೂರೇ ಎಳೆಯಿತು.

ನಮ್ಮನ್ನು ನೋಡಿ ದೇಸಾಯರು ಬಿದ್ದು ಬಿದ್ದು ನಕ್ಕರು.

"ಏನಪಾ ಕಿಷ್ಟಪ್ಪ, ಬಾತಿಗೆ ವಿಭೂತಿ ಹಚ್ಚಿ ತಂದೀಯಲ್ಲ! ಮಠದ ಅಯ್ನಾರನ್ನ ಕರಿಸಿ ದೀಕ್ಷಾನೂ ಕೊಡಿಸಿಬಿಡಲಿ?"

"ಎಷ್ಟ ಗೆರಿ ಅಂತ ನಿಮ್ಮ ಆಳು ಹೇಳಲಿಲ್ರಿ ಧಣಿ. ಅಳಿಸಿ ಕೊಡಲೇನ್ರಿ?"

"ಇರಲಿ ಬಿಡೋ. ಬಾತು ಏನು ಎಣಿಸಿ ನೋಡತಾವ?"

ಎಣಿಸಿ ನೋಡಲಿಲ್ಲ. ಅದೇ ಅವುಗಳ ಕೇಡಿಗೆ ಬಂತು.

ಬೆಳಗು ಹರಿಯುವ ಮುಂಚೆ ಫಕ್ಕೀರಪ್ಪ ನಮ್ಮನ್ನು ಕೆರೆಗೆ ಹೊತ್ತೊಯ್ಯುತ್ತಿದ್ದ. ಆಗಿನ್ನೂ ಮೀಸೆ ಚಿಗುರಿದ ವಯಸ್ಸು ಅವನದು, ದೇಸಾಯರ ಮನೆಯ ಆಳು. ಕಲ್ಲಿಗೆ ಹುರಿ ಕಟ್ಟಿ, ಹುರಿಯ ತುದಿಗೆ ನಮ್ಮನ್ನು ಕಟ್ಟಿ ನೀರಿಗೆ ಬಿಡುತ್ತಿದ್ದ. ರಾತ್ರಿಯೆಲ್ಲ ಕಡಲೆ ಹೊಲದಲ್ಲಿ ಮೇಯ್ದ ಬಾತುಗಳು ಹಗಲು ಕಳೆಯಲು ಕೆರೆಗೆ ಮರಳುವ ಹೊತ್ತು ಅದು. ಮೇಲೆ ಒಂದು ಸುತ್ತು ಹಾಕುತ್ತಿದ್ದವು. ಕೆಳಗೆ ನಾವು ಕಾಣುತ್ತಿದ್ದೆವು. ನಮ್ಮವರು ಕೂತಿದ್ದಾರೆ, ಅಂಜಿಕೆಯಿಲ್ಲ ಎಂದುಕೊಂಡು ಕಾಲು ಚಾಚಿ ಇಳಿಯುತ್ತಿದ್ದವು. ಜೊಂಡಿನ ಮರೆಯಿಂದ ದೇಸಾಯರ ಬಂದೂಕು ಸಿಡಿಯುತ್ತಿತ್ತು. ಫಕ್ಕೀರಪ್ಪ ಎದೆಮಟ್ಟ ನೀರಿಗಿಳಿದು, ಬಿದ್ದವುಗಳನ್ನು ಕುತ್ತಿಗೆ ಹಿಡಿದು ತಂದು ಚೀಲಕ್ಕೆ ತುಂಬುತ್ತಿದ್ದ. ನನ್ನ ಬೆನ್ನಲ್ಲಿ ಇವತ್ತಿಗೂ ಆ ಬಂದೂಕಿನ ಎರಡು ಚರೆ ಕೂತಿವೆ.

ಕಾಲ ಹಾಗೇ ನಿಲ್ಲಲಿಲ್ಲ. ಸರಕಾರ ಬೇಟೆ ನಿಲ್ಲಿಸಿತು. ದೇಸಾಯರು ತೀರಿಕೊಂಡರು, ವಾಡೆ ಪಾಲಾಯಿತು. ನನ್ನ ಒಡಹುಟ್ಟಿದವರಲ್ಲಿ ಕೆಲವರಿಗೆ ಗೆದ್ದಲು ಹತ್ತಿತು, ಉಳಿದವರು ನೀರೊಲೆಗೆ ಹೋದರು. ನನ್ನೊಬ್ಬನನ್ನು ಫಕ್ಕೀರಪ್ಪ ಮನೆಗೆ ತಂದ. ಯಾಕೆ ತಂದ ಎಂದು ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಗೋಡೆಯ ಮಾಡಿನಲ್ಲಿ, ಅಂದರೆ ದೀಪದ ಗೂಡಿನಲ್ಲಿ, ಚಿಮಣಿ ಬುಡ್ಡಿಯ ಪಕ್ಕ ಇಟ್ಟ.

ಅವನಿಗೆ ಆಮೇಲೆ ಸಿಕ್ಕ ಕೆಲಸ ಅದೇ ಕೆರೆಯ ಬಾತುಗಳನ್ನು ಕಾಯುವುದು. ಅರಣ್ಯ ಇಲಾಖೆಯವರು ಒಂದು ಕೋಲು, ಒಂದು ಖಾಕಿ ಅಂಗಿ ಕೊಟ್ಟರು. ಅವನ ಹೆಂಡತಿ ನೀಲವ್ವ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ ಅಂದಳು:

"ಆವತ್ತು ಕುತ್ತಿಗಿ ಹಿಡಕೊಂಡು ತರತಿದ್ದಿ, ಇವತ್ತು ಅವಕ್ಕ ಕಾವಲು! ಆ ಬಾತಿಗೆ ನಿನ್ನ ಮಾರಿ ನೆನಪು ಇರಬಾರದು ನೋಡು."

ಫಕ್ಕೀರಪ್ಪ ನಗಲಿಲ್ಲ. ಆದರೆ ಕಾದ. ನಾಯಿ ಓಡಿಸಿದ, ಬಲೆ ಕಿತ್ತ, ಕವಣೆ ಬೀಸುವವರೊಡನೆ ಜಗಳ ಕಾದ. ಮಕ್ಕಳಿಲ್ಲದ ಮನೆ. ಚಳಿಗಾಲ ಬಂದರೆ ಅವನಿಗೆ ಮನೆ ತುಂಬಿದ ಹಾಗೆ.

ಸಂಕ್ರಾಂತಿ ಆಸುಪಾಸಿನಲ್ಲಿ ವರ್ಷಕ್ಕೊಮ್ಮೆ ಕೆರೆಯ ಹಕ್ಕಿಗಳ ಎಣಿಕೆ. ಧಾರವಾಡದಿಂದ, ಕಾಲೇಜಿನಲ್ಲಿ ಕಲಿಸುವ ವಾರಿಜಾ ಅಕ್ಕಾರು ಬರುತ್ತಿದ್ದರು. ಮೂರು ಕಾಲಿನ ದುರ್ಬೀನು ಏರಿಯ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಹತ್ತು ಹತ್ತರ ಗುಂಪು ಮಾಡಿ ಎಣಿಸುತ್ತಿದ್ದರಂತೆ. ಎಣಿಸುವಾಗ ಫಕ್ಕೀರಪ್ಪ ಕೆಮ್ಮು ಬಂದರೂ ನುಂಗುತ್ತಿದ್ದ. ಮುಗಿದ ಮೇಲೆ ಅಕ್ಕಾರು ನಮ್ಮ ಮನೆಗೆ ಬಂದು ಜೋಳದ ರೊಟ್ಟಿ, ಪುಂಡಿಪಲ್ಲೆ ತಿನ್ನುತ್ತಿದ್ದರು.

"ಈ ಸಲ ನೀರೇ ಕಾಣವಲ್ದು ಅಜ್ಜಾ, ಬರೇ ಬಾತು" ಎಂದು ಅವರು ಹೇಳಿದ ವರ್ಷ ನೀಲವ್ವ ಶೇಂಗಾ ಹೋಳಿಗೆ ಮಾಡಿದ್ದಳು. ಆ ನಗೆ, ಆ ಮಾತು ಮಾಡಿನಲ್ಲಿ ಕೂತು ನಾನೂ ಕೇಳಿದ್ದೇನೆ. ನಮ್ಮ ಮನೆಯ ಒಳ್ಳೆಯ ದಿನಗಳೆಂದರೆ ಅವೇ.

ಮುಂದೆ ಗುಡ್ಡದ ಮೇಲೆ ಗಾಳಿಕಂಬಗಳು ಎದ್ದವು. ಅವುಗಳ ಕರೆಂಟು ಒಯ್ಯಲು ಕಬ್ಬಿಣದ ಕಂಬ ನೆಟ್ಟು, ಕೆರೆಯ ಮೂಡಣ ಬಾಯಿಗೆ ಅಡ್ಡಲಾಗಿ ತಂತಿ ಎಳೆದರು. ಬಾತುಗಳು ಕೆರೆಗೆ ಇಳಿಯುವ ದಾರಿಯೇ ಅದು. ಆ ಚಳಿಗಾಲ ಅವು ಬಂದವು, ಮೇಲೆಯೇ ಎರಡು ಸುತ್ತು ಹಾಕಿದವು, ಹೋದವು. ಅಕ್ಕಾರು ಸೊನ್ನೆ ಬರೆದುಕೊಂಡರು. ಮರುವರ್ಷವೂ ಸೊನ್ನೆ. ಅವತ್ತು ಅವರು ರೊಟ್ಟಿ ಮುರಿದು ಗಂಗಾಳದಲ್ಲಿ ಹಾಗೇ ಬಿಟ್ಟರು.

"ಇನ್ನೊಂದು ಸಲ ಸೊನ್ನಿ ಬಂದ್ರ ಪಕ್ಷಿ ಕೆರಿ ಅನ್ನೂ ಹೆಸರು ತಗೀತಾರ ಅಜ್ಜಾ. ಕೆರಿ ಅಂಗಳ ಬೇಕಂತ ಗಾಳಿಕಂಬದ ಕಂಪನ್ಯಾವ್ರು ಆಗಲೇ ಅರ್ಜಿ ಕೊಟ್ಟಾರ."

"ನೀರು ಇರೂ ಕೆರೀನ್ರಿ ಅದು!"

"ಹಕ್ಕಿ ಇಲ್ಲಂದ್ರ ಅವ್ರ ಲೆಕ್ಕದಾಗ ಅದು ಬರೇ ತಗ್ಗು."

ಅಲ್ಲಿಂದ ಒಂದು ವರ್ಷ ಫಕ್ಕೀರಪ್ಪ ಖಾಲಿ ಕೆರೆಯ ಏರಿ ಸುತ್ತಿದ. ಗಾಳಿಕಂಬದ ಸದ್ದಿಗೆ ಬಾತುಗಳು ಬೆದರಿವೆ, ಯಾರಾದರೂ ಧೈರ್ಯ ಹೇಳಿದರೆ ಇಳಿದಾವು ಎಂಬ ಒಂದು ವಿಚಾರ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಮುಂದಿನ ಎಣಿಕೆಗೆ ನಾಲ್ಕಾರು ದಿನ ಇದೆ ಎನ್ನುವಾಗ ನನ್ನನ್ನು ಮಾಡಿನಿಂದ ಕೆಳಗಿಳಿಸಿದ. ಮೈಮೇಲಿನ ಮಸಿ ಒರೆಸಿ, ಕುಸುಬಿ ಎಣ್ಣೆ ಹಚ್ಚಿದ. ನೀಲವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

"ಅದನ್ಯಾಕ ತಗದಿ?"

"ಕರೀಲಿ ಅಂತ. ಕುಂತಿದ್ದನ್ನ ಕಂಡ್ರ ಕುಂದರತಾವು ಅವು."

"ಆವತ್ತು ಕರದದ್ದು ಸಾಲಲಿಲ್ಲೇನು?"

"ಆವತ್ತು ಬಂದೂಕು ಇತ್ತಲೇ. ಈಗೇನೈತಿ? ನೀರೈತಿ, ನಾನದೀನಿ."

ತಂತಿಯ ಮಾತು ಅವನ ಬಾಯಿಗೆ ಬರಲಿಲ್ಲ. ದಿನಾ ಅದರ ಕೆಳಗೇ ಓಡಾಡುವವನು. ಅದು ಅವನಿಗೆ ಆಕಾಶದ್ದೇ ಒಂದು ಗೆರೆಯಾಗಿ ಹೋಗಿತ್ತು.

ಎಷ್ಟೋ ವರ್ಷಗಳ ಮೇಲೆ ನಾನು ನೀರಿಗೆ ಬಿದ್ದೆ. ಮೈ ಬಿರುಕು ಬಿಟ್ಟಿತ್ತು, ನೀರು ಒಳಗೆ ಸೇರಿ ಒಂದು ಕಡೆ ವಾಲಿದೆ. ಅವನು ಅದೇ ಹಳೆಯ ಗಂಟು ಹಾಕಿದ್ದ. ಖಾಲಿ ಕೆರೆಯ ನಡುವೆ ಒಬ್ಬನೇ ಕೂತು ಮೇಲೆ ನೋಡಿದೆ. ಯಾರೂ ಬರಲಿಲ್ಲ.

ಎಣಿಕೆಯ ಬೆಳಗು ಕೆರೆಯ ತುಂಬ ಮಂಜು. ಏರಿಯ ಮೇಲೆ ಅಕ್ಕಾರು ದುರ್ಬೀನು ಹೂಡುವ ಸದ್ದು ಕೇಳಿತು, ಮಂದಿ ಕಾಣಲಿಲ್ಲ. ಆಗ ಮೇಲಿಂದ ಆ ದನಿ ಬಂತು. ಮೂಗಿನೊಳಗಿಂದ ಕರೆದಂಥ, ಒಬ್ಬರನ್ನೊಬ್ಬರು ವಿಚಾರಿಸಿಕೊಂಡಂಥ ದನಿ.

"ಬಂದ್ವು! ಅಕ್ಕಾರ, ದನಿ ಕೇಳ್ರಿ, ಬಂದ್ವು!" ಫಕ್ಕೀರಪ್ಪ ಕೂಗಿಕೊಂಡ. ಮುದುಕನ ದನಿ ಹುಡುಗನ ದನಿಯಾಗಿತ್ತು.

"ಶ್! ಮೆಲ್ಲಕ ಅಜ್ಜಾ!" ಅಕ್ಕಾರೂ ನಗುತ್ತಿದ್ದರು.

ಸಣ್ಣ ಹಿಂಡು. ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿತು. ಹಿಂದಿನ ಎರಡು ವರ್ಷ ಇಷ್ಟಕ್ಕೇ ಹೊರಟುಹೋಗಿದ್ದವು. ಈ ಸಲ ಮಂಜಿನ ಸಂದಿಯಲ್ಲಿ ಅವಕ್ಕೆ ನಾನು ಕಂಡೆನೆಂದು ತೋರುತ್ತದೆ. ದನಿ ಕೆಳಗಾಯಿತು, ಇನ್ನೂ ಕೆಳಗಾಯಿತು, ಮೂಡಣ ಬಾಯಿಗೆ ತಿರುಗಿತು.

ತಂತಿ ಝಣ್ ಎಂದಿತು. ಮತ್ತೊಮ್ಮೆ. ಮತ್ತೊಮ್ಮೆ. ಭಾರವಾದದ್ದೇನೋ ನನ್ನ ಪಕ್ಕದಲ್ಲೇ ನೀರಿಗೆ ಬಿತ್ತು. ಅಲೆ ಎದ್ದು ನಾನು ತೂಗಾಡಿದೆ.

ಬಿಸಿಲು ಬಂದು ಮಂಜು ಎದ್ದಿತು. ಅಕ್ಕಾರು ದುರ್ಬೀನಿಗೆ ಕಣ್ಣಿಟ್ಟರು.

"ಎರಡು ಜೀವಂತ ಅದಾವ. ಜೋಡೀಲೆ ಕುಂತಾವ." ಆಮೇಲೆ ದುರ್ಬೀನನ್ನು ಇನ್ನಷ್ಟು ತಿರುವಿದರು. "ಅಜ್ಜಾ, ಒಂದರ ತಲಿಮ್ಯಾಲೆ ಮೂರು ಗೆರಿ ಅದಾವಲ್ಲ?"

"ಅದು ಹಕ್ಕಿ ಅಲ್ರಿ ಅಕ್ಕಾರ. ನಂದದು. ಕಟಿಗೀದು."

ಉಳಿದದ್ದು ಒಂದೇ. ಅದು ಈಜುತ್ತ ಬಂದು ನನ್ನ ಮಗ್ಗುಲಿಗೆ ನಿಂತಿತ್ತು. ಎಡ ರೆಕ್ಕೆಯ ಒಂದು ಗರಿ ಮುರಿದು ಜೋತುಬಿದ್ದಿತ್ತು. ಕೊಕ್ಕಿನಿಂದ ನನ್ನ ಕತ್ತನ್ನು ಮುಟ್ಟಿ ಮುಟ್ಟಿ ಏನೋ ಕೇಳಿತು. ಬಣ್ಣ ಬಳಿಯುವಾಗ ಕಿಷ್ಟಪ್ಪ ನನಗೆ ಕಣ್ಣು ಬರೆದಿದ್ದ, ಬಾಯಿ ಬಿಡಿಸಿರಲಿಲ್ಲ.

ಫಕ್ಕೀರಪ್ಪ ನೀರಿಗಿಳಿದ. ಸತ್ತವು ಐದು. ಈ ಸಲ ಚೀಲ ತಂದಿರಲಿಲ್ಲ, ಕುತ್ತಿಗೆಯನ್ನೂ ಹಿಡಿಯಲಿಲ್ಲ. ಒಂದೊಂದನ್ನೇ ಎದೆಗೊತ್ತಿಕೊಂಡು ದಂಡೆಗೆ ಒಯ್ದು ಸಾಲಾಗಿ ಮಲಗಿಸಿದ. ಮೇಲೆ ತನ್ನ ಟವೆಲು ಹೊದಿಸಿದ.

"ಇವನ್ನ ಎಣಿಕಿಗೆ ಹಿಡೀತೀರೇನ್ರಿ?"

"ಸತ್ತದ್ದನ್ನ ಹಿಡಿಯೂದಿಲ್ಲ ಅಜ್ಜಾ."

"ಕಟಿಗೀದನ್ನೂ ಹಿಡಿಯೂದಿಲ್ಲ."

"ಇಲ್ಲ."

"ಹಂಗಾದ್ರ ಒಂದ."

"ಒಂದು. ಒಂದು ಇದ್ರೂ ಸೊನ್ನಿ ಅಲ್ಲ. ಇನ್ನೊಂದು ವರ್ಷ ಕೆರಿ ಉಳೀತು." ಅಕ್ಕಾರು ಬರೆದುಕೊಂಡರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು.

ಫಕ್ಕೀರಪ್ಪ ಮತ್ತೆ ನೀರಿಗಿಳಿದು ನನ್ನ ಹುರಿ ಎಳೆದ. ನಾನು ದಂಡೆಯ ಕಡೆ ಸರಿದಂತೆ ಆ ಒಂಟಿ ಬಾತೂ ಹಿಂದೆ ಹಿಂದೆ ಬಂತು. ದಂಡೆಯ ಕೆಸರಿನಲ್ಲಿ ನಿಂತು, ಅವನು ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಏರಿ ಹತ್ತುವವರೆಗೂ ಕೂಗಿತು. ಅವನು ತಿರುಗಿ ನೋಡಲಿಲ್ಲ. ನನ್ನ ಮುಖ ಹಿಂದಕ್ಕಿತ್ತು, ನಾನು ನೋಡಿದೆ. ಸಂಜೆಗೆ ಅದು ಎದ್ದು ಹೊಲಗಳ ಕಡೆ ಹೋಯಿತಂತೆ. ಮರುದಿನ ಕೆರೆಗೆ ಬರಲಿಲ್ಲ.

ಅಕ್ಕಾರು ತಂತಿಯ ವಿಷಯ ಹಿಡಿದು ಆಫೀಸಿನಿಂದ ಆಫೀಸಿಗೆ ಅಲೆದರು. ನೋಡೋಣ ಎಂಬ ಉತ್ತರ ಎಲ್ಲ ಕಡೆಯೂ ಸಿಕ್ಕಿತು. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು, ತಂತಿ ಇದ್ದಲ್ಲೇ ಇತ್ತು.

ಮುಂದಿನ ಎಣಿಕೆಗೆ ಅವರು ಎರಡು ದಿನ ಮುಂಚೆಯೇ ಬಂದರು. ಚಹಾ ಮುಟ್ಟಲಿಲ್ಲ. ಮಾಡಿನಲ್ಲಿದ್ದ ನನ್ನನ್ನೇ ನೋಡುತ್ತ ಅಂದರು:

"ಅಜ್ಜಾ, ಬಾತು ದಿನಾ ಇದೇ ದಾರೀಲೆ ಹಾದು ಹೋಗಾಕತ್ತಾವ. ನಿಮ್ಮ ಮೂರು ಗೆರೀದನ್ನ ಇನ್ನೊಮ್ಮೆ ನೀರಿಗೆ ಬಿಡ್ರಿ. ಒಂದು ಇಳದ್ರ ಸಾಕು, ಕೆರಿ ಉಳೀತದ. ಹ್ವಾದ ವರ್ಷ ಮಂಜಿತ್ತು. ಈ ಸಲ ಇಲ್ಲ, ತಂತಿ ಕಾಣತದ ಅವಕ್ಕ."

ಫಕ್ಕೀರಪ್ಪ ತನ್ನ ಅಂಗೈ ನೋಡಿಕೊಂಡ. ಆ ಕೆರೆ ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಧಣ್ಯಾರ ಸಲುವಾಗಿ ಕರದೆ, ನಂಬಿ ಬಂದ್ವು. ಕೆರಿ ಸಲುವಾಗಿ ಕರದೆ, ಆಗೂ ನಂಬಿ ಬಂದ್ವು. ಅವಕ್ಕ ಬ್ಯಾಡಂತ ಅನಿಸಿತ್ರಿ ಅಕ್ಕಾರ, ಎರಡ ವರ್ಷ ಮ್ಯಾಲಿಂದ ಮ್ಯಾಲೆ ಹೋಗಿದ್ವು. ನಾನ ಇಳಿಸಿದೆ. ಆ ತಂತಿ ತಗಸ್ರಿ, ನಾನ ನೀರಾಗ ನಿಂತು ಕೂಗತೀನಿ. ಅದು ಇರೂತನಕ ಕರಿಯಾಂಗಿಲ್ಲ."

"ಕೆರಿ ಹೋಗತದ ಅಜ್ಜಾ."

"ಹೋಗಲಿ."

ನೀಲವ್ವ ಅವತ್ತು ಮೊದಲ ಸಲ ಗಂಡನನ್ನು ಚುಚ್ಚಲಿಲ್ಲ. ಆರಿದ ಚಹಾ ಒಯ್ದು ಮತ್ತೆ ಬಿಸಿ ಮಾಡಿಕೊಟ್ಟಳು.

ಎಣಿಕೆಯ ದಿನ ಇಬ್ಬರೂ ಏರಿಯ ಮೇಲೆ ನಿಂತರಂತೆ. ಬಾತುಗಳು ಎತ್ತರದಲ್ಲಿ ಬಂದವಂತೆ, ಒಂದು ಸುತ್ತು ಹಾಕಿ ಹೋದವಂತೆ. ಹಾರುತ್ತ ಹೋದದ್ದು ಕೆರೆಯ ಎಣಿಕೆಗೆ ಬರುವುದಿಲ್ಲ. ಅಕ್ಕಾರು ಸೊನ್ನೆ ಬರೆದರು.

ಈಗ ಕೆರೆಯ ಸುತ್ತ ಕಂಪನಿಯ ಬೇಲಿ ಬಂದಿದೆ. ನೀರನ್ನು ಹರಿಬಿಟ್ಟು ಒಣಗಿಸಿದ್ದಾರೆ. ಫಕ್ಕೀರಪ್ಪನ ಖಾಕಿ ಅಂಗಿ ಗೂಟಕ್ಕೆ ತೂಗುತ್ತಿದೆ. ಗೋಡೆಗೆ ಸುಣ್ಣ ಬಳಿಯುವಾಗ ನೀಲವ್ವ ನನ್ನನ್ನು ಮಾಡಿನಿಂದ ತೆಗೆದವಳು ಮತ್ತೆ ಅಲ್ಲಿಗಿಡಲಿಲ್ಲ. "ಹೆಂಗೂ ವಿಭೂತಿ ಹಚಗೊಂಡೇ ಹುಟ್ಟೇತಿ, ಇಲ್ಲೇ ಕುಂದರಲಿ" ಎಂದು ದೇವರ ಜಗಲಿಯ ಮೇಲೆ ಕೂರಿಸಿದಳು. ನನ್ನ ಬಲಕ್ಕೆ ಬಣ್ಣ ಮಾಸಿದ ಒಬ್ಬಳು ಗೌರವ್ವ ಇದ್ದಾಳೆ. ಕಿನ್ನಾಳದವಳೇ. ಕಿಷ್ಟಪ್ಪನ ಕೈಯವಳೋ ಏನೋ. ದಿನಾ ನೀಲವ್ವ ನನ್ನ ಮೂರು ಗೆರೆಯ ಮೇಲೂ ವಿಭೂತಿ ಎಳೆಯುತ್ತಾಳೆ, ಒಂದು ಹೂವು ಇಡುತ್ತಾಳೆ. ನಾನು ದೇವರಲ್ಲ ಎಂದು ಹೇಳಲು ನನಗೆ ಬಾಯಿಲ್ಲ.

ಚಳಿಗಾಲದ ಬೆಳಗಿನಲ್ಲಿ ಕೆಲವೊಮ್ಮೆ ಮಾಳಿಗೆಯ ಮೇಲೆ, ಬಹಳ ಎತ್ತರದಲ್ಲಿ ಆ ದನಿ ಕೇಳುತ್ತದೆ. ಫಕ್ಕೀರಪ್ಪ ಕೌದಿಯೊಳಗಿಂದ ಎದ್ದು ಕೂರುತ್ತಾನೆ. ಉಸಿರು ಬಿಗಿಹಿಡಿಯುತ್ತಾನೆ. ಕೆಳಗೆ ಕರೆಯುವುದಕ್ಕೆಂದೇ ಹುಟ್ಟಿದ ನಾನು ಆಗ ಜಗಲಿಯ ಮೇಲೆ ಕೂತು ಬೇಡಿಕೊಳ್ಳುವುದು ಒಂದೇ: ಕೆಳಗೆ ನೋಡಬೇಡಿ.

ದನಿ ಸಣ್ಣದಾಗುತ್ತದೆ, ತೆಂಕಣಕ್ಕೆ ಸರಿಯುತ್ತದೆ, ನಿಲ್ಲುತ್ತದೆ.

"ಹೋದ್ವು" ಎನ್ನುತ್ತಾನೆ ಫಕ್ಕೀರಪ್ಪ. ಮತ್ತೆ ಮಲಗುತ್ತಾನೆ.