ಜೆಡ್ಡಾದಿಂದ ಕಲ್ಲೂರಿಗೆ ಎಷ್ಟು ತಾಸು

ಮುಂದಿನ ಸೀಟಿನ ಬೆನ್ನಿಗಿರುವ ಪರದೆಯಲ್ಲಿ ಉಗುರಿನಷ್ಟು ವಿಮಾನ, ಕೆಳಗೆ ನೀಲಿ ಸಮುದ್ರ, ಉಳಿದದ್ದು ಸಾವಿರದ ಒಂಬೈನೂರು ಕಿಲೋಮೀಟರು, ಆಗ ನೋಡಿದಾಗಲೂ ಇಷ್ಟೇ ಇತ್ತಲ್ಲ, ಇದು ಹೋಗುತ್ತಿದೆಯೋ ನಿಂತಿದೆಯೋ — ವಿಜಯಲಕ್ಷ್ಮಿಯ ಕಣ್ಣುಗಳು ಉರಿಯುತ್ತಿವೆ, ರಾತ್ರಿಯೆಲ್ಲ ರೆಪ್ಪೆ ಕೂಡಿಲ್ಲ. ನಕ್ಷೆಯಲ್ಲಿ ಹೈದರಾಬಾದಿದೆ, ರಾಯಚೂರಿಲ್ಲ, ಮಾನ್ವಿ ಇಲ್ಲ, ಕಲ್ಲೂರನ್ನಂತೂ ಕೇಳುವವರೇ ಇಲ್ಲ, ಅಲ್ಲಿ ಅವ್ವ ಕೂತಿದ್ದಾಳೆ. ಸತ್ತವಳನ್ನು ಕೂತಿದ್ದಾಳೆ ಅನ್ನುವುದೇ? ಆದರೂ ಕೂತೇ ಇದ್ದಾಳೆ, ನಿನ್ನೆ ಸಂಜೆ ಜೀವ ಹೋದೊಡನೆ ಮೈ ಸೆಟೆಯುವ ಮೊದಲೇ ಕಾಲು ಮಡಚಿ ಗೋಡೆಗೆ ಆನಿಸಿದ್ದಾರೆ, ಸಮಾಧಿಯೊಳಗೂ ಹಾಗೇ ಕೂರಬೇಕಲ್ಲ, ಎಡಗೈಯಲ್ಲಿ ಲಿಂಗ, ವಾಲದಂತೆ ಎದೆಗೊಂದು ಬಟ್ಟೆ, ಹಣೆಗೊಂದು ಬಟ್ಟೆ ಕಟ್ಟಿದ್ದಾರೆ — ಬಾಗಲ ಕಡಿಗೇ ಮುಖ ಮಾಡೀವಿ ಅಕ್ಕಾ, ನಿನ್ನ ಹಾದಿ ನೋಡಾಕತ್ತಾಳೇನೋ ಅನಸ್ತದ — ತಮ್ಮ ಚನ್ನವೀರ ಫೋನಿನಲ್ಲಿ ಅತ್ತಿದ್ದ.

ಕೂರಿಸುವುದು ಅವಳಿಗೆ ಗೊತ್ತು, ಆರು ವರ್ಷದಿಂದ ಜೆಡ್ಡಾದಲ್ಲಿ ಅದೇ ಕೆಲಸ, ಲಕ್ವ ಹೊಡೆದ ಮುದುಕಿಯನ್ನು ಎತ್ತಿ ಗಾಲಿಕುರ್ಚಿಯಲ್ಲಿಟ್ಟು, ಎದೆಗೆ ಪಟ್ಟಿ ಬಿಗಿದು, ದಿಂಬು ಕೊಟ್ಟರೂ ಕುತ್ತಿಗೆ ವಾಲುತ್ತದೆ, ವಾಲಿದಾಗೊಮ್ಮೆ ಗದ್ದ ಹಿಡಿದು ನೆಟ್ಟಗೆ ಮಾಡಬೇಕು, ದಿನಕ್ಕೆ ನೂರು ಸಲ. ಅವ್ವನ ಕುತ್ತಿಗೆ ಯಾರು ನೋಡುತ್ತಿದ್ದಾರೋ, ಚನ್ನವೀರನಿಗೆ ಅದೆಲ್ಲ ಎಲ್ಲಿ ತಿಳಿಯಬೇಕು. ಹಿರೇರು ಕೇಳಾಕತ್ತಾರ ಅಕ್ಕಾ, ಬಿಸಲು ಜಗ್ಗಿ ಅದ, ಹೊತ್ತು ಮುಳುಗೂದ್ರಾಗ ಮಣ್ಣು ಮಾಡಬೇಕಂತ, ಯಾವಾಗ ಬರ್ತಿ ಖರೇ ಹೇಳು. ಎಂಟಕ್ಕ ವಿಮಾನ ಅದ ತಮ್ಮಾ, ಐದೂವರಿ ತಾಸಿನ ಹಾದಿ, ಒಂದೂವರಿಗೆ ಇಳೀತೀನಿ, ಕಾರಿನ್ಯಾಗ ನಾಕೂವರಿ ತಾಸು, ಆರಕ್ಕ ಬಾಗಲದಾಗ ಇರ್ತೀನಿ, ನಾ ಮುಖ ನೋಡೂ ತನಕ ಎತ್ತಬ್ಯಾಡ್ರಿ. ಎಷ್ಟು ಸರಿಯಾಗಿ ಕೂಡಿಸಿದೆ ಅಂದುಕೊಂಡಿದ್ದಳು.

ಪರದೆ ಬದಲಾಯಿತು. ಹೈದರಾಬಾದಿನಲ್ಲಿ ಈಗ ಮಧ್ಯಾಹ್ನ ಒಂದೂವರೆ, ಇಳಿಯುವುದು ನಾಲ್ಕಕ್ಕೆ. ನಾಲ್ಕಕ್ಕೆ ಹೇಗೆ, ಅಲ್ಲ, ಅಯ್ಯೋ, ಎರಡೂವರೆ ತಾಸು — ಜೆಡ್ಡಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ, ಆರು ವರ್ಷ ಪ್ರತಿ ಶುಕ್ರವಾರ ಅದನ್ನು ಕೂಡಿಸಿಯೇ ಫೋನು ಹಚ್ಚುತ್ತಿದ್ದವಳು, ಅವ್ವ ಉಂಡಿರುತ್ತಾಳೆ, ಅವ್ವ ಮಲಗಿರುತ್ತಾಳೆ ಎಂದು, ಇವತ್ತೊಂದು ದಿನ ಮರೆತಳು, ಹಾಳು ಬುದ್ಧಿ, ಎಂಟೂವರೆಗೆ ಮುಟ್ಟಿದರೆ ಯಾರಿರುತ್ತಾರೆ. ಒಂದು ಫೋನು ಮಾಡಬಹುದೇನ್ರೀ ಎಂದು ಗಗನಸಖಿಯನ್ನು ಕೇಳಿದಳು. ಇಳಿದ ಮೇಲೆ ಮೇಡಂ, ಎಂದು ಆಕೆ ನೀರು ಕೊಟ್ಟು ಹೋದಳು. ಮಾಡಿದರೂ ಏನು ಹೇಳುವುದು, ಕಾಯಬೇಡ ಅನ್ನುವುದೇ? ಈ ಹೊತ್ತಿಗೆ ಚನ್ನವೀರ ಅಂಗಳದಲ್ಲಿ ಹೇಳುತ್ತಿರುತ್ತಾನೆ, ಅಕ್ಕ ಇಳದಿರ್ತಾಳ್ರೀ, ಹೊಂಟಿರ್ತಾಳ್ರೀ, ಆರಾದರೆ ಇನ್ನರ್ಧ ತಾಸು ತಡೀರಿ ಅನ್ನುತ್ತಾನೆ, ಹಿರಿಯರು ಹೊತ್ತು ನೋಡುತ್ತಾರೆ, ಸಾಕು ಏಳಪಾ ಅನ್ನುತ್ತಾರೆ, ಎದೆಯ ಬಟ್ಟೆ ಬಿಚ್ಚುತ್ತಾರೆ, ಹಣೆಯ ಬಟ್ಟೆ ಬಿಚ್ಚುತ್ತಾರೆ, ಕುತ್ತಿಗೆ ವಾಲುತ್ತದೆ, ಗದ್ದಕ್ಕೆ ಕೈ ಕೊಡಬೇಕು, ಯಾರೂ ಕೊಡುವುದಿಲ್ಲ, ಕುತ್ತಿಗೆ ವಾಲುತ್ತದೆ, ಅವ್ವನ ಮುಖ ಬಾಗಿಲಿನಿಂದ ಆಚೆ ತಿರುಗುತ್ತದೆ, ತಿರುಗುತ್ತದೆ —