ಉಸಿರೆತ್ತಬೇಡ

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಉಸಿರಕ್ಕ ಎಂದೇ ಕರೆಯುತ್ತಿದ್ದರು. ಬೇರೆ ಭಾಷೆಯ ಧಾರಾವಾಹಿಯ ನಾಯಕಿ ಓಡಿದರೆ ಏದುಸಿರು ಇವಳದು, ಅತ್ತರೆ ಬಿಕ್ಕಳಿಕೆ ಇವಳದು, ಸತ್ತರೆ ಕೊನೆಯುಸಿರೂ ಇವಳದೇ. ಮಾತಾಡುವುದಕ್ಕೆ ಬೇಕಾದಷ್ಟು ಜನ ಸಿಗುತ್ತಾರೆ. ಮಾತಿಲ್ಲದ ಕಡೆ ದನಿಯಾಗುವವರು ಸಿಗುವುದು ಕಷ್ಟ. ಎರಡು ಮಾತುಗಳ ನಡುವೆ ಒಬ್ಬ ಹೆಂಗಸು ಹೇಗೆ ಸುಮ್ಮನಿರುತ್ತಾಳೆ ಎಂಬುದನ್ನು ಬರೀ ಮೂಗಿನಲ್ಲೇ ಹೇಳಬಲ್ಲವಳು ಎಂದು ಅವಳಿಗೆ ಹೆಸರಿತ್ತು.

ಅವಳಿಗೆ ಉಬ್ಬಸವಿತ್ತು. ಅದು ಅಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಅವಳು ನಂಬಿದ್ದಳು.

ಈ ಕೆಲಸ ಸಿಕ್ಕಿದ ದಿನ ಅವಳ ಅಮ್ಮ ಇನ್ಹೇಲರನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದ್ದಳು. ಮನೆಯಲ್ಲಿ ಅದಕ್ಕೆ ಪಂಪು ಎಂದು ಹೆಸರು. "ನೋಡೇ, ಇದರ ವಿಷಯ ಅಲ್ಲಿ ಯಾರ ಹತ್ರಾನೂ ಉಸಿರೆತ್ತಬೇಡ. ಉಬ್ಬಸದವಳಿಗೆ ಉಸಿರಾಡೋ ಕೆಲಸ ಯಾರು ಕೊಡ್ತಾರೆ?" ಎಂದಿದ್ದಳು. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ನಕ್ಕಿದ್ದಳು. ಮಗಳೂ ನಕ್ಕಿದ್ದಳು. ನಗು ಅಲ್ಲಿಗೆ ಮುಗಿಯಿತು, ಮಾತು ಮಾತ್ರ ಉಳಿಯಿತು. ಅಂದಿನಿಂದ ಅವಳು ಉಸಿರೆತ್ತಲಿಲ್ಲ. ಪಂಪು ಎಳೆಯಬೇಕೆನಿಸಿದಾಗ ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಎಳೆದು ಬರುತ್ತಿದ್ದಳು. ಉಸಿರಕ್ಕನಿಗೆ ಕೈ ತೊಳೆಯುವ ಹುಚ್ಚು ಎಂದು ಸ್ಟುಡಿಯೋದಲ್ಲಿ ಮಾತಾಯಿತು. ಆಗಲಿ, ಹುಚ್ಚಿ ಎಂದರೂ ಕೆಲಸ ಹೋಗುವುದಿಲ್ಲ ಎಂದುಕೊಂಡಳು.

ಹೀಗೆ ಹೇಗೋ ನಡೆಯುತ್ತಿತ್ತು, ಕಂಚು ವೇಪ್ ಹಿಡಿಯುವವರೆಗೆ.

ಕಂಚು ಎಂದರೆ ಅಲ್ಲಿನ ಹಿರಿಯ ಕಲಾವಿದ. ಕಂಚಿನ ಕಂಠ, ಅದಕ್ಕೇ ಆ ಅಡ್ಡಹೆಸರು. ತಂದೆ, ನ್ಯಾಯಾಧೀಶ, ರಾಕ್ಷಸ ಎಲ್ಲರಿಗೂ ಅವರದೇ ಗಂಟಲು. ಮೊದಲು ಸಿಗರೇಟು ಸೇದುತ್ತಿದ್ದರು. ಅದಕ್ಕೆ ಮೂರು ಮಹಡಿ ಇಳಿದು ಗೇಟಿನಾಚೆ ಹೋಗುತ್ತಿದ್ದರು. ಮಗಳು ಹಟ ಹಿಡಿದಳೆಂದು ಸಿಗರೇಟು ಬಿಟ್ಟು, ಪೆನ್ನಿನಂಥ ಈ ಬ್ಯಾಟರಿ ಸಿಗರೇಟನ್ನು, ಅಂದರೆ ವೇಪನ್ನು, ಜೇಬಿಗೆ ಸಿಕ್ಕಿಸಿಕೊಂಡರು. ಇದಕ್ಕೆ ಬೆಂಕಿ ಬೇಡ, ಬೂದಿಯಿಲ್ಲ, ಮಹಡಿ ಇಳಿಯುವ ಕಷ್ಟವೂ ಇಲ್ಲ. ಧ್ವನಿಮುದ್ರಣದ ಕೋಣೆಯಲ್ಲೇ, ಒಂದು ಟೇಕಿಗೂ ಇನ್ನೊಂದು ಟೇಕಿಗೂ ನಡುವೆ ಕಲ್ಲಂಗಡಿ ವಾಸನೆಯ ಮೋಡ ಬಿಡತೊಡಗಿದರು.

ಆ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆಲ್ಲ ದಪ್ಪ ಸ್ಪಂಜು. ಸದ್ದಾಗುತ್ತದೆಂದು ಟೇಕ್ ನಡೆಯುವಾಗ ಎಸಿಯೂ ಬಂದ್. ಭಾರವಾದ ಬಾಗಿಲು ಪೂರ್ತಿ ಮುಚ್ಚಿಕೊಳ್ಳದೆ ಕೆಂಪು ದೀಪ ಹತ್ತುವುದಿಲ್ಲ, ದೀಪ ಹತ್ತದೆ ರೆಕಾರ್ಡಿಂಗ್ ಆಗುವುದಿಲ್ಲ. ಹೊರಗಿನ ಸದ್ದು ಒಳಗೆ ಬಾರದಂತೆ ಕಟ್ಟಿದ ಕೋಣೆ ಅದು. ಒಳಗಿನ ಗಾಳಿಗೂ ಹೊರಗೆ ದಾರಿಯಿರಲಿಲ್ಲ.

ಅಂದಿನ ದೃಶ್ಯ: ಕುಸಿದ ಸುರಂಗದೊಳಗೆ ಮಗಳು, ಕಲ್ಲುಗಳ ಆಚೆ ತಂದೆ. ಒಬ್ಬರ ದನಿಯ ಮೇಲೆ ಇನ್ನೊಬ್ಬರ ದನಿ ಬೀಳಬೇಕು, ಹಾಗಾಗಿ ಇಬ್ಬರೂ ಒಟ್ಟಿಗೆ ಒಳಗಿರಬೇಕು. ಮೂರನೆಯ ಮೋಡ ಎದ್ದಾಗ ಅವಳು ಬಾಯಿಬಿಟ್ಟಳು.

"ಸಾರ್, ಅದನ್ನ ಹೊರಗಡೆ ಹೋಗಿ ಸೇದ್ತೀರಾ?"

"ಸೇದೋಕೆ ಇದೇನು ಬೀಡಿನಾ? ಹೊಗೆ ಅಲ್ಲಮ್ಮಾ ಇದು, ಬರೀ ಆವಿ." ಕಂಚು ಬಾಗಿಲ ಮೇಲಿನ ಬೋರ್ಡಿಗೆ ಬೆರಳು ತೋರಿಸಿದರು. "ಏನಂತಿದೆ ಓದು. ಧೂಮಪಾನ ನಿಷೇಧ. ಆವಿಪಾನ ನಿಷೇಧ ಅಂತ ಎಲ್ಲಾದ್ರೂ ಬರೆದಿದಾರಾ?"

ಗಾಜಿನಾಚೆ ಕುಳಿತಿದ್ದ ನಿರ್ದೇಶಕಿ ನಕ್ಕಳು. ಅವಳ ದನಿ ಹೆಡ್‌ಫೋನಿನಲ್ಲಿ ಬಂತು. "ಅಕ್ಕಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಇದೊಂದು ಸೀನ್ ಮುಗಿದ್ರೆ ಗೆದ್ದ ಹಾಗೆ."

ಉಸಿರಕ್ಕ ಸುಮ್ಮನಾದಳು. ಸುಮ್ಮನಾಗುವುದು ಅವಳಿಗೆ ಕಸುಬೂ ಹೌದು, ಅಭ್ಯಾಸವೂ ಹೌದು. ಕೆಂಪು ದೀಪ ಹತ್ತಿತು.

"ಮಗಳೇ, ಧೈರ್ಯವಾಗಿರು, ಬಂದೆ!" ಎಂದು ಕಂಚು ಗುಡುಗಿದರು.

ಅವಳು 'ಅಪ್ಪಾ' ಎನ್ನಬೇಕಿತ್ತು. ಎದೆಗೆ ಯಾರೋ ಹಗ್ಗ ಬಿಗಿದಂತಾಯಿತು. 'ಅಪ್ಪಾ' ಬರಲಿಲ್ಲ, ಸೀಟಿಯೊಂದು ಬಂತು. ಒಣ ಕೊಳಲಿಗೆ ಒಡಕು ಬಂದಂಥ ಆ ಸದ್ದು ಅವಳದೇ ಹೆಡ್‌ಫೋನಿನಲ್ಲಿ ಅವಳಿಗೇ ಕೇಳಿಸುತ್ತಿತ್ತು. ಚೀಲ ಹೊರಗಿತ್ತು, ಸದ್ದಾಗುವ ವಸ್ತುವನ್ನು ಒಳಗೆ ತರುವಂತಿರಲಿಲ್ಲ. ಮೇಜು ಹಿಡಿದು ಬಾಗಿದಳು. ಟೇಕ್ ನಡೆಯುತ್ತಲೇ ಇತ್ತು.

ದೀಪ ಆರಿತು. "ಅಬ್ಬಾ! ಏನು ಅಭಿನಯ! ನನ್ನ ಮೈ ಜುಂ ಅಂತು!" ಎಂದು ನಿರ್ದೇಶಕಿ ಚಪ್ಪಾಳೆ ತಟ್ಟಿದಳು.

ಉಸಿರಕ್ಕ ಬಾಗಿಲು ತಳ್ಳಿಕೊಂಡು ಹೊರಬಂದು, ಚೀಲವನ್ನು ನೆಲಕ್ಕೆ ಬೋರಲು ಸುರಿದು, ಕರವಸ್ತ್ರ ಬಿಚ್ಚಿದಳು. ನಲ್ಲಿಯವರೆಗೆ ಹೋಗಲಿಲ್ಲ. ಎಲ್ಲರೆದುರೇ ಪಂಪು ಎಳೆದಳು, ತಡೆದು ಇನ್ನೊಮ್ಮೆ ಎಳೆದಳು. ಚಪ್ಪಾಳೆ ನಿಂತಿತು.

"ಅಯ್ಯೋ, ನಿಮಗೆ ಉಬ್ಬಸನಾ?" ನಿರ್ದೇಶಕಿಯ ಮುಖದಲ್ಲಿ ಮರುಕ ಬಂದು, ಬಂದಷ್ಟೇ ಬೇಗ ಹೋಯಿತು. "ಮೊದಲೇ ಹೇಳ್ಬಾರ್ದಿತ್ತಾ? ಹೋಗ್ಲಿ, ಟೇಕ್ ಮಾತ್ರ ಅಪ್ಪಟ ಚಿನ್ನ. ಇದನ್ನೇ ಇಟ್ಕೊಳ್ಳೋಣ."

ಇಷ್ಟು ವರ್ಷ ಅವಳು ಹೆದರಿದ್ದು ಇದಕ್ಕಲ್ಲ. ಗೊತ್ತಾದರೆ ಅಟ್ಟುತ್ತಾರೆ ಎಂದು ಹೆದರಿದ್ದಳು. ಇಟ್ಟುಕೊಳ್ಳುತ್ತೇವೆ ಅನ್ನುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಅಳಿಸಿ," ಎಂದಳು.

"ಏನು?"

"ಅದನ್ನ ಅಳಿಸಿ ಮೇಡಂ. ಅದು ಅಭಿನಯ ಅಲ್ಲ, ಕಾಯಿಲೆ. ನಾನಿಲ್ಲಿ ಮಾರೋದು ಅಭಿನಯ. ಕಾಯಿಲೆ ನನ್ನ ಸ್ವಂತದ್ದು."

ಕಂಚು ಬಾಗಿಲಿಗೆ ಬಂದು ನಿಂತಿದ್ದರು. "ಇಷ್ಟಕ್ಕೆಲ್ಲ ಇಷ್ಟು ರಾದ್ಧಾಂತ ಯಾಕಮ್ಮಾ? ಬರೀ ಆವಿ..."

"ಆವಿ ಬಿಡೋಕೆ ನೀವೇನು ಕುಕ್ಕರ್ರಾ ಸಾರ್?" ಅವಳ ದನಿ ಇನ್ನೂ ಒಡೆದಿತ್ತು, ಒಡೆದಿದ್ದರೂ ತಗ್ಗಿರಲಿಲ್ಲ. "ಆವಿ ಬಿಡೋರು ನೀವು, ಸೀಟಿ ಹೊಡೆಯೋದು ನನ್ನ ಎದೆ. ಇದ್ಯಾವ ಊರಿನ ನ್ಯಾಯ?"

ಮೂಲೆಯಲ್ಲಿ ಯಂತ್ರದ ಮುಂದೆ ಕುಳಿತಿದ್ದ ರೆಕಾರ್ಡಿಸ್ಟ್ ಕೆಮ್ಮಿದಂತೆ ನಕ್ಕ.

"ನೋಡಿ," ನಿರ್ದೇಶಕಿಯ ದನಿ ಗಟ್ಟಿಯಾಯಿತು. "ಸಂಜೆಯೊಳಗೆ ಈ ಕಂತು ಕಳಿಸ್ಬೇಕು. ನಿಮಗೆ ಆಗದಿದ್ರೆ ಇನ್ನೊಬ್ಬರನ್ನ ಕರೆಸ್ತೀನಿ."

"ಕರೆಸಿ. ಅವರಿಗೂ ಶ್ವಾಸಕೋಶ ಇರುತ್ತಲ್ಲ, ಅವರು ಬರೋವರೆಗೆ ಗಾಳಿ ಆಡ್ಲಿ." ಎಂದವಳೇ ಕುರ್ಚಿಯೊಂದನ್ನು ಎಳೆದು ತಂದು ತೆರೆದ ಬಾಗಿಲ ಹೊಸ್ತಿಲಿಗೆ ಅಡ್ಡ ಹಾಕಿ ಕುಳಿತಳು. ಕಂಚು ಒಳಗೇ ಉಳಿದರು. ಬಾಗಿಲು ಮುಚ್ಚುವ ಹಾಗಿಲ್ಲ, ದೀಪ ಹತ್ತುವ ಹಾಗಿಲ್ಲ.

ಅವಳಿಗೆ ಮೌನಗಳ ತಳಿಯೆಲ್ಲ ಗೊತ್ತು: ಮುನಿಸಿನದು, ಲೆಕ್ಕಾಚಾರದ್ದು, ನಾಚಿಕೆಯದು. ಈ ಕೋಣೆಯಲ್ಲಿ ಈಗ ಮೂರೂ ಇದ್ದವು. ತನ್ನ ಮೌನ ಮಾತ್ರ ಹೊಸದು, ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ಪಂಪನ್ನು ಮಡಿಲಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡಳು.

"ಅಳಿಸ್ದೆ ಅಕ್ಕಾ," ಎಂದ ರೆಕಾರ್ಡಿಸ್ಟ್, ತಲೆಯೆತ್ತದೆ.

"ನಾನು ಹೇಳಿದ್ನೇನ್ರೀ ನಿಮಗೆ?" ನಿರ್ದೇಶಕಿ ಹರಿಹಾಯ್ದಳು.

"ನನಗೇನು ಹೊಸದಾ ಮೇಡಂ? ಅಕ್ಕನ ಸೀಟಿ ಎಷ್ಟು ವರ್ಷದಿಂದ ಕತ್ತರಿಸ್ತಾ ಇದೀನಿ. ಪ್ರತಿ ಕಂತಲ್ಲೂ ಒಂದೋ ಎರಡೋ ಸಿಗುತ್ತೆ."

ಉಸಿರಕ್ಕ ತಿರುಗಿ ನೋಡಿದಳು. ಅಷ್ಟು ನಲ್ಲಿ ನೀರು ಹರಿಸಿದ್ದು ದಂಡವಾಯಿತಲ್ಲ! "ಗೊತ್ತಿದ್ದೂ ಒಂದು ಮಾತು ಕೇಳ್ಲಿಲ್ವಲ್ರೀ?"

"ನೀವೇ ಉಸಿರೆತ್ತಲಿಲ್ಲ, ನಾನ್ಯಾಕೆ ಎತ್ಲಿ ಅಂತ ಸುಮ್ಮನಿದ್ದೆ."

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ನಗಲು ಎದೆಯಲ್ಲಿ ಇನ್ನೂ ಜಾಗವಿರಲಿಲ್ಲ. "ಇನ್ಮೇಲೆ ಎತ್ತೋಣ," ಎಂದಳು. "ಇಬ್ಬರೂ."

ನಿರ್ದೇಶಕಿ ಗಡಿಯಾರ ನೋಡಿದಳು, ಗಾಜು ನೋಡಿದಳು, ಕೊನೆಗೆ ಕಂಚುವಿನ ಕಡೆ ನೋಡಿದಳು. "ಸಾರ್, ಅದನ್ನ ಕೆಳಗೆ ವಾಚ್‌ಮನ್ ಹತ್ರ ಕೊಟ್ಟು ಬಂದ್ಬಿಡಿ."

"ಲಿಫ್ಟ್ ಕೆಟ್ಟಿದೆ!"

"ಮೆಟ್ಟಿಲು ಕೆಟ್ಟಿಲ್ವಲ್ಲ," ಎಂದಳು ಉಸಿರಕ್ಕ, ಕುರ್ಚಿಯನ್ನು ಚೂರೇ ಚೂರು ಸರಿಸಿ ದಾರಿ ಬಿಡುತ್ತ.

ಕಂಚು ಅವಳನ್ನು ದುರುಗುಟ್ಟಿ ನೋಡುತ್ತ ಇಳಿದು ಹೋದರು. ಎಸಿ ಹಾಕಿಸಿ, ಎಲ್ಲ ಬಾಗಿಲು ತೆರೆಸಿ ಅವಳು ಕಾದಳು. ಕಲ್ಲಂಗಡಿ ವಾಸನೆ ಸ್ಪಂಜಿನಿಂದ ಪೂರ್ತಿ ಬಿಡಲಿಲ್ಲ. ಎದೆಯ ಹಗ್ಗವಂತೂ ಒಂದೊಂದೇ ಸುತ್ತು ಸಡಿಲವಾಯಿತು. ಮುಂದಿನ ವಾರದ ಧಾರಾವಾಹಿಯ ಬಗ್ಗೆ ನಿರ್ದೇಶಕಿ ಏನೂ ಹೇಳಲಿಲ್ಲ. ಇವಳೂ ಕೇಳಲಿಲ್ಲ.

ಕಂಚು ಮೂರು ಮಹಡಿ ಹತ್ತಿ ಬಂದಾಗ ಗೋಡೆಗೆ ಕೈಕೊಟ್ಟು, ಬಾಯಿ ತೆರೆದು, ತಿದಿ ಒತ್ತಿದಂತೆ ಏದುಸಿರು ಬಿಡುತ್ತಿದ್ದರು. ಕಂಚಿನ ಕಂಠದಲ್ಲಿ ಒಂದಕ್ಷರ ಹೊರಡಲಿಲ್ಲ.

"ಮೇಡಂ, ನಿಜವಾದದ್ದೇ ಬೇಕು ಅಂತಿದ್ರಲ್ಲ, ಬೇಗ ರೆಕಾರ್ಡ್ ಮಾಡ್ಕೊಳ್ಳಿ," ಎಂದಳು ಉಸಿರಕ್ಕ. ಎದ್ದು ತನ್ನ ಕುರ್ಚಿಯನ್ನು ಅವರತ್ತ ನೂಕಿದಳು. "ಕೂತ್ಕೊಳ್ಳಿ ಸಾರ್. ಮೂಗಲ್ಲಿ ಎಳ್ಕೊಳ್ಳಿ, ಬಾಯಲ್ಲಿ ನಿಧಾನವಾಗಿ ಬಿಡಿ. ಅವಸರ ಬೇಡ."

ಅವರು ಹೇಳಿದಂತೆ ಮಾಡಿದರು.

ಆಮೇಲೆ ಅವಳು ಅವರ ಜೊತೆ ಒಳಗೆ ಹೋಗಿ ಮೈಕಿನ ಪಕ್ಕದಲ್ಲಿ, ಹಾಳೆಗಳ ಮೇಲೆ ಪಂಪನ್ನು ಇಟ್ಟಳು. ಬಾಗಿಲು ಮುಚ್ಚಿತು. ಕೆಂಪು ದೀಪ ಹತ್ತಿತು. ಸುರಂಗದೊಳಗಿನ ಹುಡುಗಿಗೆ ಒಂದು ಸುಳ್ಳು ಉಬ್ಬಸ ಬೇಕಿತ್ತು. ಉಸಿರಕ್ಕ ತುಂಬು ಎದೆಯಿಂದ, ಬೇಕೆಂದಷ್ಟೇ, ಬೇಕೆಂದಲ್ಲೇ, ಅದನ್ನು ಕೊಟ್ಟಳು.