ಹೋಬರ್ಟನ ಚಳಿಗಾಲದ ಕೋಲು

"ಇಂಥ ಉಂಗುರ ಕೂರಿಸಿದ ಮಹಾನುಭಾವ ಜನ್ಮದಲ್ಲಿ ಒಂದು ಜನವರಿನಾದ್ರೂ ನೋಡಿದ್ದಾನಾ?"

ಕೇಳಿದವಳು ಟ್ರೆಸ್ಸಿ. ಉತ್ತರ ಹೇಳಲು ಗ್ಯಾರೇಜಿನಲ್ಲಿ ಇನ್ನೊಂದು ಜೀವವಿರಲಿಲ್ಲ; ಸೀಮೆಎಣ್ಣೆ ಒಲೆಯೊಂದು ಮೂಲೆಯಲ್ಲಿ ಬುಸುಗುಡುತ್ತಿತ್ತು. ಅವಳ ಅಣ್ಣನ ಮಗ ಗಾರ್ವಿನ್ ನಿನ್ನೆ ಸಂಜೆ ಬಿಟ್ಟುಹೋದ ಗಾಳದ ಕೋಲು ಮೇಜಿನ ಮೇಲಿತ್ತು. ಕರ್ರಗೆ ಮಿರಮಿರ ಮಿಂಚುವ ಅಂಗಡಿ ಮಾಲು, ಗಿಡ್ಡ, ಬಿರುಸು. ಬುಡದಲ್ಲಿ ಅರ್ಧ ಕಿತ್ತ ಚೀಟಿಯ ಅಂಟು ಇನ್ನೂ ಬೆರಳಿಗೆ ಹತ್ತುತ್ತಿತ್ತು. ದಾರ ಹಾಯುವ ಉಂಗುರಗಳೋ, ಗುಂಡುಸೂಜಿಯ ತಲೆ ತೂರಿದರೆ ಸಿಕ್ಕಿಕೊಳ್ಳುವಷ್ಟು ಸಣ್ಣವು.

ಇದು ಹೋಬರ್ಟನ ಜೊತೆ ಮಣ್ಣಿಗೆ ಹೋಗಬೇಕಂತೆ.

ಹೋಬರ್ಟ್ ಅವಳ ಅಣ್ಣ; ಮೊನ್ನೆ ತೀರಿಕೊಂಡಿದ್ದ. ಹಾಸಿಗೆ ಹಿಡಿದಾಗ ಮಗನನ್ನೂ ತಂಗಿಯನ್ನೂ ಹತ್ತಿರ ಕರೆದು ಅವನು ಕೇಳಿದ್ದು ಒಂದೇ. "ನನ್ನ ಚಳಿಗಾಲದ ಕೋಲು ಪೆಟ್ಟಿಗೇಲಿ ನನ್ ಪಕ್ಕ ಇಡಿ. ಬೇರೇನೂ ಬೇಡ." ಇಬ್ಬರೂ ಹೂಂ ಅಂದಿದ್ದರು. ನಿನ್ನೆ ಗಾರ್ವಿನ್ ಬಂದು, ಆ ಕೋಲು ಟ್ರಕ್ಕಿನ ಬಾಗಿಲಿಗೆ ಸಿಕ್ಕಿ ಮುರಿದುಹೋಯಿತು, ಇದಕ್ಕೇ ಅಪ್ಪನ ಕೋಲಿನ ಹಾಗೆ ಕೆಂಪು ಹಳದಿ ನೂಲಿನ ಪಟ್ಟಿ ಸುತ್ತಿಕೊಡು, ನಾಳೆ ಸಂಜೆ ಜನ ಕೊನೆಯ ಸಲ ಮುಖ ನೋಡಲು ಬರುವಾಗ ಶವಪೆಟ್ಟಿಗೆಯಲ್ಲಿರಬೇಕು ಎಂದಿದ್ದ.

ಡೇಲ್ ಹಾಲೋ ಸರೋವರದ ದಂಡೆಯಲ್ಲಿ ಆ ಪಟ್ಟಿಯನ್ನು ಗುರುತಿಸದ ಬೆಸ್ತರಿಲ್ಲ. ಆ ಕೋಲು ಮಾಡಿ ಪಟ್ಟಿ ಸುತ್ತಿದವಳು ಟ್ರೆಸ್ಸಿಯೇ. ನೀರು ಕೊರೆಯತೊಡಗಿದಾಗ ಬಾಸ್ ಮೀನು ಬೆನ್ನಟ್ಟಿ ತಿನ್ನುವುದಿಲ್ಲ. ಆಳದಲ್ಲಿ ಸುಮ್ಮನೆ ತೇಲಿಕೊಂಡಿರುತ್ತದೆ. ನೀರಿನ ಮೇಲೆ ತೇಲುವ ಬೆಂಡಿನ ಕೆಳಗೆ ಎರಡಾಳುದ್ದ ದಾರ ಇಳಿಬಿಟ್ಟು, ತುದಿಯಲ್ಲಿ ತುಪ್ಪಳದಿಂದ ಮಾಡಿದ ಒಂದು ಚಿಕ್ಕ ಹುಸಿ ನೊಣ ಕಟ್ಟಿ, ಅಲೆಯೇ ಅದನ್ನು ನಡುಗಿಸಲಿ ಎಂದು ಕಾಯಬೇಕು. ಅಷ್ಟುದ್ದದ ದಾರ ಎಸೆಯಲು ಕೋಲು ಉದ್ದವಿರಬೇಕು, ಕೂದಲಿನಂಥ ಆ ದಾರ ತುಂಡಾಗದಿರಲು ಮೆತ್ತಗಿರಬೇಕು. ಉಂಗುರದ ವಿಷಯಕ್ಕೆ ಅಣ್ಣ ತಂಗಿ ಒಂದು ಇಡೀ ನವೆಂಬರ್ ಜಗಳವಾಡಿದ್ದರು. ದೊಡ್ಡವು ಭಾರ, ತುದಿ ಜೋಲುತ್ತದೆ ಎಂದು ಇವಳು. "ಭಾರ ನನ್ ಕೈಗೆ ಬಿಡು. ಐಸ್‌ಗೆ ಉಂಗುರದ ಬಾಯಿ ಮುಚ್ಚೋಕೆ ಆಗ್ಬಾರ್ದು, ಅಷ್ಟೇ" ಎಂದು ಅವನು. ಟೇಪಿನಲ್ಲಿ ಕಟ್ಟಿ, ಬಾಗಿಸಿ ನೋಡಿ, ಬಿಚ್ಚಿ, ಮತ್ತೆ ಕಟ್ಟಿ, ಕೊನೆಗೆ ಅವನು ಹೇಳಿದವನ್ನೇ ಕೂರಿಸಿದ್ದಳು. ಆ ಚಳಿಗಾಲ ದಂಡೆಯವರೆಲ್ಲ ಹೆಪ್ಪುಗಟ್ಟಿದ ಉಂಗುರ ಚಿವುಟುತ್ತ ಕೂತಿದ್ದಾಗ ಹೋಬರ್ಟ್ ಮಾತ್ರ ಎಸೆಯುತ್ತಲೇ ಇದ್ದ.

ಅವನು ಚರ್ಚಿನಲ್ಲಿ ಕೀರ್ತನೆಯ ಸಾಲು ಎತ್ತಿಕೊಡುವವನು. ಅವನೊಂದು ಸಾಲು ಹೇಳಿದರೆ ಸಭೆಯೆಲ್ಲ ಅದನ್ನೇ ಎಳೆದೆಳೆದು ಹಾಡುತ್ತಿತ್ತು. ಟ್ರೆಸ್ಸಿಯ ತುಟಿ ಅಲುಗಿದರೂ ದನಿ ಬರುತ್ತಿರಲಿಲ್ಲ; ಅವಳು ಕೇಳುವವಳು. ಇಲ್ಲಿ ಸ್ಟೂಲಿನ ಮೇಲೆ ಕೂತು ಅವನು ಸಾಲು ಹೇಳುತ್ತಿದ್ದರೆ ಅದರ ನಡೆಗೇ ಅವಳ ಬೆರಳು ರೇಷ್ಮೆ ನೂಲು ಸುತ್ತುತ್ತಿತ್ತು.

ಮುರಿದದ್ದು ಕೋಲು, ಉಂಗುರಗಳಲ್ಲವಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಳು. ಗಾರ್ವಿನ್ ಆ ತುಂಡುಗಳನ್ನು ತರಲಿ. ಉಂಗುರ ಬಿಡಿಸಿ ಇದಕ್ಕೇ ಕೂರಿಸಿದರಾಯಿತು.

ಬಾಗಿಲು ನೂಕಿಕೊಂಡು ಪಕ್ಕದ ಮನೆಯ ಯೂಲಿಸ್ ಬಂದ. ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ.

"ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡು. ಉಪ್ಪು ಜಾಸ್ತಿ ಆಗಿದ್ರೆ ನನ್ ಹೆಂಡ್ತಿ ಅತ್ಕೊಂಡು ಮಾಡಿದ್ದು ಅಂತ ತಿಳ್ಕೋ ಟ್ರೆಸ್ಸಕ್ಕ." ಮೇಜಿನತ್ತ ನೋಡಿ ಮೂಗು ಮುರಿದ. "ಇದ್ಯಾವ್ದು? ಮಕ್ಕಳು ಆಡೋದಾ?"

"ಹೋಬರ್ಟ್‌ಗಂತೆ. ಪೆಟ್ಟಿಗೇಲಿ ಇಡೋಕೆ."

"ಅವನ ಪಕ್ಕ ಇದನ್ನ ಇಟ್ರೆ ಎದ್ದು ಕೂತ್ಬಿಡ್ತಾನೆ ನೋಡು!"

"ಅವನದು ಮುರೀತಂತೆ ಕಣೋ."

ಯೂಲಿಸ್ ಪಾತ್ರೆ ಕೆಳಗಿಡಲು ಹೋದವನು ಹಾಗೇ ನಿಂತ. "ಯಾವಾಗ? ಬೆಳಿಗ್ಗೆ ನೆಟ್ಟಗಿತ್ತಲ್ಲ. ತೊರೆ ಬಾಯಿ ಹತ್ರ ಗಾರ್ವಿನ್‌ನ ದೋಣೀಲಿ ಕಂಡೆ, ಅದು ಅವನ ಕೈಲೇ ಇತ್ತು; ಮೀನು ಹಿಡಿಸು ಅಂತ ದುಡ್ಡು ಕೊಟ್ಟು ಬರೋ ಗಿರಾಕಿಗಳಿಬ್ರು ಜೊತೆಗಿದ್ರು. ಅಪ್ಪನ ನೆನಪಿಗೆ ಒಂದು ಸಲ ಎಸೀತಿದ್ದಾನೆ ಪಾಪ ಅಂತ ನಾನು ಟೋಪಿ ಬೇರೆ ತೆಗ್ದೆ, ಆ ಚಳೀಲಿ."

ಟ್ರೆಸ್ಸಿ ಅಂಗಡಿಯ ಕೋಲನ್ನು ಮೇಜಿನ ಅಂಚಿಗೆ ತಳ್ಳಿದಳು. ಯೂಲಿಸ್ ಪಾತ್ರೆಯಿಟ್ಟು, ನೆಲ ನೋಡುತ್ತ ಹೊರಟುಹೋದ.

ಮಧ್ಯಾಹ್ನ ಗಾರ್ವಿನ್‌ನ ಟ್ರಕ್ಕು ಅಂಗಳಕ್ಕೆ ಬಂದಾಗ ಅವಳು ಕೋಟು ಕೂಡ ಹಾಕಿಕೊಳ್ಳದೆ ಹೊರಗೆ ಹೋದಳು. ಅವನು ಇಳಿಯುವಷ್ಟರಲ್ಲಿ ಹಿಂದಿನ ತೊಟ್ಟಿಯ ಟಾರ್ಪಾಲು ಎತ್ತಿದ್ದಳು. ಖಾಲಿ ಬಿಯರ್ ಡಬ್ಬಿ, ಒದ್ದೆ ಹಗ್ಗಗಳ ನಡುವೆ ಹೋಬರ್ಟನ ಕೋಲು ಬಿದ್ದಿತ್ತು, ಜೋಡಿಸಿ ಬಿಡಿಸುವ ಅದರ ಎರಡು ಭಾಗಗಳೂ ಎಲ್ಲೂ ಮುರಿಯದೆ. ಪಟ್ಟಿಯ ಮೇಲ್ಗಡೆಯೇ ಗಾರ್ವಿನ್‌ನ ಹೆಸರು, ಫೋನ್ ನಂಬರಿನ ಹೊಸ ಸ್ಟಿಕ್ಕರು. ಕೆಂಪು ನೂಲಿಗೆ ಮೀನಿನ ಪೊರೆಯೊಂದು ಒಣಗಿ ಅಂಟಿತ್ತು. ಉಂಗುರಗಳ ಒಳಗೆಲ್ಲ ಕಂದು ಲೋಳೆ ಹೆಪ್ಪುಗಟ್ಟಿತ್ತು. ಹೊಗೆಸೊಪ್ಪಿನ ಎಂಜಲು. ಐಸ್ ಬಿಡಿಸಲು ಬಾಯಿಗಿಟ್ಟು ಚೀಪಿದ್ದಾನೆ. ಅಪರೂಪಕ್ಕೆ ಐಸ್ ಕೂತರೂ ಹೋಬರ್ಟ್ ತುದಿಯನ್ನು ನೀರಿಗೆ ಅದ್ದಿ, ಮೆಲ್ಲಗೆ ಅಲ್ಲಾಡಿಸಿ ತೆಗೆಯುತ್ತಿದ್ದ, ಮಗುವಿನ ಕೈ ತೊಳೆದ ಹಾಗೆ.

ಒರೆಸೋಣವೆಂದು ಕೈ ಹೋಯಿತು. ಅರ್ಧಕ್ಕೇ ಹಿಂದೆ ಬಂತು. ತಾನು ಮಾಡಿದ ವಸ್ತುವನ್ನೇ ಮುಟ್ಟಲಾಗದಷ್ಟು ಹೇಸಿಗೆಯಾಯಿತು ಅವಳಿಗೆ. ಹಿಮದ ಮೇಲೆ ಉಗಿದಳು.

"ಮುರೀತು ಅಂದ್ಯಲ್ಲೋ."

"ಅತ್ತೆ, ಒಳಗೆ ಹೋಗೋಣ, ಚಳಿ." ಗಾರ್ವಿನ್‌ನ ಕೆನ್ನೆಯೊಳಗೆ ಹೊಗೆಸೊಪ್ಪಿನ ಉಂಡೆ ಆ ಕಡೆಯಿಂದ ಈ ಕಡೆಗೆ ಉರುಳಿತು. "ಹೇಳ್ತೀನಿ ಕೇಳು. ಇಂಥ ಕೋಲನ್ನ ಯಾರಾದ್ರೂ ಮಣ್ಣಲ್ಲಿ ಕೊಳೆಸ್ತಾರಾ? ನೀನೇ ಮಾಡಿದ್ದು, ನಿನಗೆ ಬೇಜಾರಾಗಲ್ವಾ?"

"ನಿಮ್ಮಪ್ಪ ಇನ್ನೂ ಮಣ್ಣಿಗೆ ಹೋಗಿಲ್ಲ. ಅಷ್ಟರಲ್ಲೇ ಗಿರಾಕಿ ಕರ್ಕೊಂಡು ಹೋಗಿದ್ದೀಯ."

"ಮೊದ್ಲೇ ಒಪ್ಪಿಕೊಂಡಿದ್ದು. ಒಹಾಯೋದವ್ರು, ಒಳ್ಳೆ ಜನ. ಇದು ಸತ್ತ ನಮ್ಮಪ್ಪನ ಕೋಲು ಅಂದೆ, ಇಬ್ರೂ ಕಣ್ಣೀರು ಹಾಕಿದ್ರು ಅತ್ತೆ. ಅದನ್ನ ಹಿಡ್ಕೊಂಡು ಫೋಟೋ ತೆಗೆಸ್ಕೊಂಡ್ರು. ಮುಂದಿನ ಚಳಿಗಾಲಕ್ಕೂ ಬರ್ತಾರಂತೆ."

"ಅವ್ರನ್ನ ಅಳಿಸಿ ಫೋಟೋ ತೆಗೆಸ್ದೆ ನೀನು."

"ನಾನೇನು ಅಳಿ ಅಂದ್ನಾ?"

ಟ್ರೆಸ್ಸಿ ಒಳಗೆ ನಡೆದಳು. ಅವನು ಹಿಂದೆಯೇ ಬಂದು, ಒಲೆಗೆ ಬೆನ್ನು ಕಾಯಿಸುತ್ತ ಅಂಗಡಿಯ ಕೋಲನ್ನು ಅವಳತ್ತ ಸರಿಸಿದ.

"ಇದರಲ್ಲೇನು ಕಮ್ಮಿ? ಹಗುರ ಇದೆ, ಹೊಸದು. ಉಂಗುರ ಸಣ್ಣದು ಅಂತೀಯಾ? ಪೆಟ್ಟಿಗೆ ಒಳಗೆ ಐಸ್ ಎಲ್ಲಿಂದ ಬರುತ್ತೆ ಹೇಳು!" ತನ್ನ ಮಾತಿಗೆ ತಾನೇ ನಕ್ಕ. ಕಂದು ಹನಿಯೊಂದು ಗಲ್ಲಕ್ಕಿಳಿಯಿತು, ತೋಳಿನಿಂದ ಒರೆಸಿಕೊಂಡ.

ಅಪ್ಪನ ಮೂಗು, ಅಪ್ಪನ ಅಗಲ ಹಣೆ. ಟ್ರೆಸ್ಸಿಗೆ ಆ ಮುಖ ನೋಡಲಾಗಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ನೂಲಿನ ಉಂಡೆಗಳತ್ತ ತಿರುಗಿದಳು.

"ಅದನ್ನ ತೊಳೆದು ತಂದು ನಿಮ್ಮಪ್ಪನ ಪಕ್ಕ ಇಡು."

"ಆಗಲ್ಲ ಅತ್ತೆ. ಶನಿವಾರಕ್ಕೆ ಇನ್ನೊಂದು ಗುಂಪು ಬರ್ತಿದೆ, ಅದನ್ನೇ ನೋಡ್ಬೇಕಂತೆ." ಅವನ ದನಿ ತಗ್ಗಿತು. "ನೋಡು, ಸಂಜೆ ದಂಡೆಯವ್ರೆಲ್ಲ ಬಂದು ಪೆಟ್ಟಿಗೆ ಹತ್ರ ನಿಂತ್ಕೋತಾರೆ. ಮೊದ್ಲು ಕಣ್ಣು ಹೋಗೋದೇ ಕೋಲಿನ ಮೇಲೆ. ಪಟ್ಟಿ ಇದ್ರೆ ಯಾರೂ ಉಂಗುರ ಎಣಿಸಲ್ಲ. ಬೋಳಾಗಿ ಇಟ್ರೆ ನನ್ ಮಾನ ಏನಾಗುತ್ತೆ? ನಿನಗೆ ಎಷ್ಟೊತ್ತಿನ ಕೆಲ್ಸ? ನಿನ್ ಅಣ್ಣನಿಗೋಸ್ಕರ ಸುತ್ತಿಕೊಡು."

ಅವಳು ಮೊಳೆಯಿಂದ ಕೆಂಪು ಉಂಡೆ ತೆಗೆದಳು, ಹಳದಿಯದನ್ನೂ. ಗಾರ್ವಿನ್ ನಿಟ್ಟುಸಿರು ಬಿಟ್ಟು ಸ್ಟೂಲು ಎಳೆದುಕೊಂಡ, ಹೋಬರ್ಟ್ ಕೂರುತ್ತಿದ್ದ ಸ್ಟೂಲು. ಅವಳು ಎರಡನ್ನೂ ಏಪ್ರನ್ನಿನ ಜೇಬಿಗೆ ಹಾಕಿ, ಜೇಬಿನ ಮೇಲೆ ಕೈ ಮುಚ್ಚಿಕೊಂಡಳು.

"ಏಳು ಅಲ್ಲಿಂದ" ಅಂದಳು. "ನಾನು ಸುತ್ತೋದಿಲ್ಲ."